ಕಿವಿ ತೆಗೆದಿಟ್ಟ ಮೇಲಿನ ಮನೆ

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ತುಳು ಕೇಳುವ ಭಾಗ್ಯ ಇದ್ದದ್ದು ಬೆಕ್ಕಿಗೆ ಮಾತ್ರ. ಹಿತ್ತಿಲ ಬಾಗಿಲಿನಾಚೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಜ್ಜಿ ಕುಕ್ಕರಗಾಲಲ್ಲಿ ಕೂತು, ಬಂಗುಡೆಯ ತಲೆಗಳನ್ನು ಒಂದೊಂದಾಗಿ ಅದರ ಮುಂದೆ ಹಾಕುತ್ತ, ಮನಸ್ಸಿಗೆ ಬಂದದ್ದನ್ನೆಲ್ಲ ಅದರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಮಗಳ ಮೇಲಿನ ಸಿಟ್ಟು, ಮಂಡಿನೋವು, ತೆಂಗಿನಕಾಯಿ ಕೀಳುವವನು ಬಾರದೆ ಇದ್ದದ್ದು, ಎಲ್ಲವೂ ಬೆಕ್ಕಿಗೆ ಗೊತ್ತಿತ್ತು. ಹೊಸ್ತಿಲು ದಾಟಿ ಒಳಗೆ ಬಂದಳೆಂದರೆ ಬಾಯಿಗೆ ಬೀಗ. ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಕಡಲಿನ ಕಡೆಗೆ ಹೋಗುವ ದಾರಿಯಲ್ಲಿತ್ತು. ಹಂಚಿನ ಮಾಡು, ಕೆಂಪು ನೆಲದ ಚಾವಡಿ, ಅದರ ಹಿಂದೆ ಒಂದೇ ಕಿಟಕಿಯ ಅಡುಗೆಮನೆ. ಅದು ಅಜ್ಜಿಯ ತಾಯಿಯಿಂದ ಅಜ್ಜಿಗೆ ಬಂದ ಮನೆ. ಅಮ್ಮ ಅಲ್ಲಿಯೇ ಹುಟ್ಟಿ ಬೆಳೆದವಳು. ಅಪ್ಪ ಮದುವೆಯಾದ ಮೇಲೆ ಅಲ್ಲಿಗೆ ಬಂದವರು. ನಾಲ್ಕೇ ಜನ, ನಾಲ್ವರಲ್ಲಿ ಒಬ್ಬಳಿಗೆ ಕಿವಿ ಕೇಳುತ್ತಿರಲಿಲ್ಲ. ಆ ಒಬ್ಬಳು ನಾನು. ನನ್ನ ಒಂದು ಕಿವಿಗಾಗಿ ತುಳುವಿನ ಮನೆಯೊಂದು ತುಳುವನ್ನು ಹಿತ್ತಿಲಿಗೆ ಅಟ್ಟಿತ್ತು.

ನನಗೆ ಕೇಳುವುದಿಲ್ಲವೆಂದು ಮೊದಲು ಕಂಡುಕೊಂಡವಳು ಅಜ್ಜಿಯೇ. ನಾನು ಅಂಗಳದಲ್ಲಿ ಕೋಳಿಗಳ ನಡುವೆ ಬೆನ್ನು ಹಾಕಿ ಕೂತಿದ್ದೆನಂತೆ. ಅವಳು ಕಾಳು ಹಿಡಿದು ಕೋಳಿಗಳನ್ನು ಕರೆದಾಗ ಅಷ್ಟೂ ಕೋಳಿಗಳು ಓಡಿ ಬಂದವು, ಮೊಮ್ಮಗಳು ಮಾತ್ರ ತಿರುಗಿ ನೋಡಲಿಲ್ಲ. ಅಪ್ಪ ಒಪ್ಪಲಿಲ್ಲ. ತಮ್ಮ ಕಡೆಯವರಿಗೆಲ್ಲ ಮಾತು ತಡ, ತಾವೂ ಮೂರು ವರ್ಷದವರೆಗೆ ಮೂಗನ ಹಾಗೆಯೇ ಇದ್ದದ್ದು ಎಂದು ವಾದಿಸಿದರು. ಆಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಔಷಧಿ ಕುಡಿಸಿ ಮಲಗಿಸಿ ತಲೆಗೆ ವಯರು ಅಂಟಿಸಿ ಪರೀಕ್ಷೆ ಮಾಡಿದರು, ಕೆಲವು ತಿಂಗಳು ಎರಡೂ ಕಿವಿಗೆ ಶ್ರವಣಯಂತ್ರ ಹಾಕಿ ನೋಡಿದರು. ಏನೂ ಪ್ರಯೋಜನವಾಗಲಿಲ್ಲ. ಆಗ ವೈದ್ಯರು ಕಾಕ್ಲಿಯರ್ ಇಂಪ್ಲಾಂಟ್ ಎಂಬ ಹೆಸರು ಹೇಳಿದರು. ಶ್ರವಣಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ಒಳಕಿವಿಯೇ ಕೆಲಸ ಮಾಡದಿದ್ದರೆ ಎಷ್ಟು ದೊಡ್ಡದು ಮಾಡಿಯೂ ಫಲವಿಲ್ಲ. ಇದು ಹಾಗಲ್ಲ. ಕಿವಿಯ ಹಿಂದಿನ ಎಲುಬಿನ ಬಳಿ ಚರ್ಮದ ಅಡಿಯಲ್ಲಿ ಒಂದು ಭಾಗವನ್ನು ಕೂರಿಸಿ, ಅದರ ತಂತಿಯನ್ನು ಒಳಕಿವಿಯ ಸುರುಳಿಯೊಳಗೆ ಇಳಿಸುತ್ತಾರೆ. ಹೊರಗೆ ಹಾಕಿಕೊಳ್ಳುವ ಯಂತ್ರ ಸದ್ದನ್ನು ಹಿಡಿದು ಅದಕ್ಕೆ ಕಳಿಸುತ್ತದೆ. ಅದು ನೇರವಾಗಿ ನರವನ್ನು ಮುಟ್ಟುತ್ತದೆ. ಕಟಪಾಡಿಯಲ್ಲಿ ಫ್ಯಾನು, ಮಿಕ್ಸಿ, ಪಂಪು ರಿಪೇರಿಯ ಅಂಗಡಿ ಇಟ್ಟಿದ್ದ ಅಪ್ಪನಿಗೆ ಇದು ಕೂಡಲೇ ತಲೆಗೆ ಹೋಯಿತು. ಮನೆಗೆ ಬಂದು ಅಜ್ಜಿಗೆ ತಮ್ಮದೇ ರೀತಿಯಲ್ಲಿ ವಿವರಿಸಿದರಂತೆ.

"ವಯರು ಸರಿ ಉಂಟು ಮಾಮಿ. ಮಧ್ಯದ ಒಂದು ಪಾರ್ಟು ಹೋಗಿದೆ. ಅದನ್ನು ಬಿಟ್ಟು ವಯರಿಗೇ ಕನೆಕ್ಷನ್ ಕೊಡುವುದು."

"ಹಾಗಾದರೆ ಇವಳು ಎಲ್ಲರ ಹಾಗೆ ಆಗ್ತಾಳಾ?"

"ಅದನ್ನು ತೆಗೆದಿಟ್ಟರೆ ಮತ್ತೆ ಕೇಳುವುದಿಲ್ಲ. ಹಾಕಿಕೊಂಡಾಗ ಮಾತ್ರ. ಅದೂ ಒಮ್ಮೆಗೇ ಅಲ್ಲ, ಕೇಳ್ಲಿಕ್ಕೆ ಕಲಿಸಬೇಕಂತೆ. ನಾವೇ ಕಲಿಸಬೇಕಂತೆ."

ಇದೆಲ್ಲ ತುಳುವಿನಲ್ಲಿ ನಡೆದ ಮಾತು. ಆ ಚಾವಡಿಯಲ್ಲಿ ಎಲ್ಲರೂ ನಿರಾಳವಾಗಿ ಆಡಿದ ಕೊನೆಯ ತುಳು ಇದೇ ಇರಬೇಕು. ಆಪರೇಷನ್ ಆಯಿತು, ಗಾಯ ಒಣಗಿತು, ಹೊರಗಿನ ಯಂತ್ರವನ್ನು ಚಾಲೂ ಮಾಡುವ ದಿನ ಬಂತು. ಮಗು ಮೊದಲ ಸದ್ದು ಕೇಳಿ ನಗುತ್ತದೆಂದು ಅಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ನಾನು ಮೇಜಿನ ಅಡಿಗೆ ನುಗ್ಗಿ, ಅದರ ಕಾಲು ತಬ್ಬಿಕೊಂಡು ಊರು ಒಂದಾಗುವ ಹಾಗೆ ಕಿರುಚಿದೆನಂತೆ. ಅದಕ್ಕೆ ಹೆದರಬೇಡಿ, ಕೇಳಿದ್ದಕ್ಕೇ ಅಳುವುದು ಎಂದು ಆಸ್ಪತ್ರೆಯವರು ಸಮಾಧಾನ ಮಾಡಿದರಂತೆ. ಇದಕ್ಕೆಲ್ಲ ಎಷ್ಟು ಖರ್ಚಾಯಿತೆಂದು ಇಂದಿಗೂ ಜನ ಕೇಳುತ್ತಾರೆ. ಆ ಹಣದ ಭಾರ ನನ್ನ ಮೇಲಿದೆಯೆಂದೂ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಹಣದ ವಿಷಯದಲ್ಲಿ ನನ್ನ ಮನಸ್ಸು ಒಂದು ದಿನವೂ ಕುಟುಕಿಲ್ಲ. ಅಪ್ಪ ಅದನ್ನು ಖುಷಿಯಿಂದ ಮಾಡಿದರು, ನಾನು ಖುಷಿಯಿಂದ ಪಡೆದೆ. ಕುಟುಕುವುದು ಬೇರೆ.

ಮಾತು ಕಲಿಸುತ್ತಿದ್ದ ಮೇಡಂ ಮೊದಲ ದಿನವೇ ಅಮ್ಮನಿಗೆ ನಿಯಮಗಳನ್ನು ಹೇಳಿದರು. ಒಳ್ಳೆಯ ಹೆಂಗಸು, ನನ್ನ ಬಾಯಿಂದ ಮೊದಲ ಶಬ್ದ ಹೊರಟಾಗ ಅತ್ತವರು. ಮಗುವಿನ ಬಲಗಡೆ ಕೂರಬೇಕು, ಇಂಪ್ಲಾಂಟ್ ಇರುವ ಕಡೆ. ತುಟಿ ನೋಡಿ ಊಹೆ ಮಾಡದ ಹಾಗೆ ಆಗಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕು. ಮಾಡುವ ಕೆಲಸವನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡಬೇಕು. ಮತ್ತೆ, ಮನೆಯಲ್ಲಿ ಒಂದೇ ಭಾಷೆ ಇರಬೇಕು. ಶಾಲೆಗೆ ಹೋಗುವ ಮಗು, ಓದಬೇಕು ಬರೆಯಬೇಕು, ಹಾಗಾಗಿ ಕನ್ನಡವೇ ಇರಲಿ, ಎರಡು ಭಾಷೆ ಬಿದ್ದರೆ ಮಗುವಿಗೆ ಗೊಂದಲವಾಗುತ್ತದೆ. ಆಗ ಎಲ್ಲ ಕಡೆಯೂ ಹಾಗೆಯೇ ಹೇಳುತ್ತಿದ್ದರು. ಅಮ್ಮ ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.

ಕನ್ನಡ ನಮ್ಮ ಕಡೆ ಶಾಲೆಯ, ಕಚೇರಿಯ, ಭಾಷಣದ ಭಾಷೆ. ಅದನ್ನು ಅಡುಗೆಮನೆಗೆ ತಂದರೆ ಹೇಗಿರುತ್ತದೆಂದು ಯಾರೂ ಯೋಚಿಸಿರಲಿಲ್ಲ. ಅಮ್ಮ ಕಾವಲಿಯ ಮುಂದೆ ನಿಂತು, ವಾರ್ತೆ ಓದುವವರ ಹಾಗೆ ಸ್ಪಷ್ಟವಾಗಿ, "ನೋಡು, ನಾನು ಹಿಟ್ಟನ್ನು ಹೊಯ್ಯುತ್ತಿದ್ದೇನೆ. ಈಗ ಮುಚ್ಚಳವನ್ನು ಮುಚ್ಚುತ್ತಿದ್ದೇನೆ. ದೋಸೆ ಬೇಯುತ್ತಿದೆ" ಎಂದು ಹೇಳುತ್ತಿದ್ದಳು. ಅಷ್ಟರಲ್ಲಿ ದೋಸೆ ಸೀದು ಹೋಗುತ್ತಿತ್ತು. "ದೋಸೆ ಸೀದು ಹೋಯಿತು" ಎಂದು ಅದನ್ನೂ ಹೇಳುತ್ತಿದ್ದಳು. ಅಪ್ಪ ಅಜ್ಜಿಯನ್ನು ಮಾಮಿ ಎನ್ನುವುದು ಬಿಟ್ಟು ಅತ್ತೆ ಎನ್ನತೊಡಗಿದರು. ಅವರು ಹಾಗೆ ಕರೆದಾಗಲೆಲ್ಲ ಅಜ್ಜಿ ಯಾರೋ ನೆಂಟರು ಬಂದರೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದಳಂತೆ. ಊಟದ ತಟ್ಟೆಯಲ್ಲಿದ್ದದ್ದಕ್ಕೂ ಹೆಸರು ಬದಲಾಯಿತು. ಪುಂಡಿ ಕಡುಬಾಯಿತು. ಕಜಿಪು ಪದಾರ್ಥವಾಯಿತು. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸನ್ನು ಅಮ್ಮ ಗೇಟಿನಲ್ಲೇ ತಡೆದು, ಒಳಗೆ ಬಂದರೆ ಕನ್ನಡದಲ್ಲೇ ಮಾತಾಡಬೇಕು ಎಂದು ತಾಕೀತು ಮಾಡಿದಳು. ಆಕೆ ಬುಟ್ಟಿ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಳಂತೆ.

"ಎಂತ ಮಾರಾಯ್ತಿ, ಬೂತಾಯಿಗೆ ಕನ್ನಡದಲ್ಲಿ ಎಂತ ಹೇಳುವುದು?"

ಅಮ್ಮನಿಗೂ ಗೊತ್ತಿರಲಿಲ್ಲ. ಬೂತಾಯಿ ಬೂತಾಯಿಯಾಗಿಯೇ ಉಳಿಯಿತು. ಈ ಕತೆಯನ್ನು ನಮ್ಮ ಮನೆಯಲ್ಲಿ ಈಗಲೂ ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅಜ್ಜಿಗೆ ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಮಾತಾಡಲು ನಾಲಗೆ ತಿರುಗುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕನ್ನಡ ಬೇಕಾಗುವಂಥ ಕಡೆಗೆ ಅವಳು ಹೋಗಿಯೂ ಇರಲಿಲ್ಲ. ನನ್ನನ್ನು ಎತ್ತಿಕೊಂಡರೆ ಅವಳ ಬಾಯಿಂದ ತಾನಾಗಿ ತುಳು ಹೊರಡುತ್ತಿತ್ತು. ಅಮ್ಮ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು.

"ಅಮ್ಮ, ಹೇಳಿದ್ದೆ ಅಲ್ವಾ ನಿಮಗೆ? ಅವಳು ಕಲಿತದ್ದೆಲ್ಲ ಹಾಳಾಗ್ತದೆ."

"ಎನ್ನ ಬಾಯಿಡೇ ಹಾಳಾಪುಂಡಾ?" ನನ್ನ ಬಾಯಿಂದಲೇ ಹಾಳಾಗುವುದಾ ಎಂದು ಅಜ್ಜಿ ಕೇಳಿದಳಂತೆ.

ಅಂದಿನಿಂದ ಅಜ್ಜಿ ನನ್ನ ಮುಂದೆ ಮಾತು ನಿಲ್ಲಿಸಿದಳು. ಎತ್ತಿಕೊಳ್ಳುತ್ತಿದ್ದಳು, ತಲೆಗೆ ಎಣ್ಣೆ ತಿಕ್ಕುತ್ತಿದ್ದಳು, ಗಂಜಿಯನ್ನು ಚಟ್ನಿಯೊಂದಿಗೆ ಕಲಸಿ ತಿನ್ನಿಸುತ್ತಿದ್ದಳು. ತುಟಿ ಮಾತ್ರ ಬಿಗಿಯಾಗಿ ಮುಚ್ಚಿರುತ್ತಿತ್ತು. ನನ್ನ ನೆನಪಿನಲ್ಲಿರುವ ಅಜ್ಜಿಯ ಮುಖ ಅದು. ಕೆಲವರಿಗೆ ಅಜ್ಜಿಯೆಂದರೆ ಕತೆ ನೆನಪಾಗುತ್ತದೆ. ನನಗೆ ಮುಚ್ಚಿದ ಬಾಯಿ ನೆನಪಾಗುತ್ತದೆ. ಅದನ್ನು ಮುಚ್ಚಿಸಿದ್ದು ನನ್ನ ಕಿವಿ ಎಂದು ತಿಳಿಯುವಷ್ಟು ಬುದ್ಧಿ ಬಂದ ಮೇಲೆ, ಆ ಮುಖವನ್ನು ನೆಟ್ಟಗೆ ನೋಡುವುದು ನನಗೆ ಕಷ್ಟವಾಯಿತು.

ಒಂದು ಕೆಲಸ ಮಾತ್ರ ಅಮ್ಮ ಅವಳಿಗೆ ಬಿಟ್ಟುಕೊಟ್ಟಳು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ದಿನವೂ ಬೆಳಿಗ್ಗೆ ಪರೀಕ್ಷಿಸಬೇಕಿತ್ತು. ಮಗುವಿನ ಬೆನ್ನ ಹಿಂದೆ ನಿಂತು ಆರು ಸದ್ದು ಮಾಡಬೇಕು: ಆ, ಈ, ಊ, ಮ್, ಶ್, ಸ್. ಮಗು ಕೇಳಿದ್ದನ್ನು ತಿರುಗಿ ಹೇಳಬೇಕು. ತಗ್ಗಿನ ಸದ್ದಿನಿಂದ ಏರಿನ ಸದ್ದಿನವರೆಗೆ ಮಾತಿನಲ್ಲಿ ಬರುವುದೆಲ್ಲ ಈ ಆರರೊಳಗೆ ಬರುತ್ತದಂತೆ. ಇವು ಕನ್ನಡವೂ ಅಲ್ಲ, ತುಳುವೂ ಅಲ್ಲ. ಹಾಗಾಗಿ ಅಜ್ಜಿ ಮಾಡಬಹುದಿತ್ತು. ನಾನು ಚಾವಡಿಯ ಬಾಗಿಲಲ್ಲಿ ಅಂಗಳಕ್ಕೆ ಮುಖ ಹಾಕಿ ಕೂರುತ್ತಿದ್ದೆ, ಅವಳು ಹಿಂದೆ. ಅಮ್ಮ ಮಾಡಿದರೆ ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ ಅಜ್ಜಿಯ ಕೈಯಲ್ಲಿ ಬೆಳೆಯುತ್ತಿತ್ತು. ಅವಳು ‘ಆ’ ಎಂದರೆ ಸುಮ್ಮನೆ ‘ಆ’ ಅಲ್ಲ. ಅದರಲ್ಲಿ ಆಶ್ಚರ್ಯ ಇರುತ್ತಿತ್ತು, ಗದರಿಕೆ ಇರುತ್ತಿತ್ತು. ‘ಊ’ ಎಂದು ಯಾರನ್ನೋ ದೂರದಿಂದ ಕರೆಯುತ್ತಿದ್ದಳು. ‘ಮ್’ ಎಂದರೆ ಯಾವುದೋ ಮಾತಿಗೆ ಒಪ್ಪಿದ ಹಾಗೆ. ನಾನೂ ಹಾಗೆಯೇ ತಿರುಗಿ ಹೇಳುತ್ತಿದ್ದೆ. ಒಂದು ಮಾತೂ ಇಲ್ಲದೆ ನಾವಿಬ್ಬರೂ ಅಷ್ಟು ಹೊತ್ತು ಹರಟುತ್ತಿದ್ದೆವು. ತಿರುಗಿ ನೋಡುವ ಹಾಗಿರಲಿಲ್ಲ, ನೋಡಿದರೆ ಪರೀಕ್ಷೆ ಕೆಡುತ್ತದೆ. ಹಾಗಾಗಿ ಅಜ್ಜಿ ನನ್ನೊಂದಿಗೆ ಬಾಯಿ ತೆರೆದದ್ದನ್ನು ನಾನು ಕೇಳಿದ್ದೇನೆ, ನೋಡಿಲ್ಲ.

ಅವಳು ಬಾಯಿ ತೆರೆದದ್ದನ್ನು ನೋಡಬೇಕಿದ್ದರೆ ಸಂಜೆಯವರೆಗೆ ಕಾಯಬೇಕಿತ್ತು. ನಮ್ಮ ಕಡೆಯ ಸೆಕೆ, ಬೆವರು, ಕಡಲ ಗಾಳಿ, ಇವು ಯಂತ್ರಕ್ಕೆ ಆಗುವುದಿಲ್ಲ. ಸಂಜೆ ಸ್ನಾನಕ್ಕೆ ಮೊದಲು ಅಮ್ಮ ಅದನ್ನು ನನ್ನ ತಲೆಯಿಂದ ಬಿಡಿಸಿ, ಒರೆಸಿ, ತೇವ ಹೀರುವ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದಳು. ಮುಚ್ಚಳ ಬಿದ್ದದ್ದೇ ತಡ, ಮನೆಗೆ ಜೀವ ಬರುತ್ತಿತ್ತು. ಎಲ್ಲರ ಬಾಯಿಯೂ ಒಟ್ಟಿಗೆ ತೆರೆಯುತ್ತಿತ್ತು. ಅಮ್ಮನ ಮುಖದ ಬಿಗಿತ ಇಳಿಯುತ್ತಿತ್ತು, ಕೈಗಳು ಗಾಳಿಯಲ್ಲಿ ಓಡಾಡುತ್ತಿದ್ದವು. ಅಪ್ಪ ಅಂಗಡಿಯ ಗಿರಾಕಿಗಳನ್ನು ಅಣಕಿಸಿ ತೋರಿಸುತ್ತಿದ್ದರು. ಅಜ್ಜಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಅವರು ಜಗಳವಾಡಿದರೂ ಅಂದವಾಗಿಯೇ ಆಡುತ್ತಿದ್ದರು. ನಾನು ಒದ್ದೆ ತಲೆಯಲ್ಲಿ ಅಮ್ಮನ ತೊಡೆಗೆ ಒರಗಿ ಈ ಸದ್ದಿಲ್ಲದ ನಾಟಕ ನೋಡುತ್ತಿದ್ದೆ. ಅದು ತುಳು ಎಂದು ನನಗೆ ಹೇಗೆ ಗೊತ್ತಾಗಬೇಕು? ನನಗೆ ತಿಳಿದದ್ದು ಇಷ್ಟೇ: ನನಗೆ ಕೇಳುವಾಗ ಇವರಿಗೆ ಖುಷಿ ಇಲ್ಲ, ನನಗೆ ಕೇಳದಿರುವಾಗ ಖುಷಿ ಇದೆ. ಮಕ್ಕಳ ತರ್ಕ ಅಷ್ಟು ನೇರ. ಅದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ ಎಂದು ಈಗಲೂ ಅನಿಸುತ್ತದೆ.

ಹಾಗಾಗಿ ನನ್ನಿಂದ ಆಗುವುದನ್ನು ಮಾಡಿದೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಕಾರ್ಕಳದಿಂದ ಬಂದಿದ್ದ ಒಂದು ಮಧ್ಯಾಹ್ನ. ಕೋಳಿ ಪದಾರ್ಥ, ಪುಂಡಿ, ಹಬ್ಬದ ಹಾಗೆ ಊಟ. ಚಾವಡಿಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಅಷ್ಟು ದಿನಕ್ಕೆ ಬಂದ ಚಿಕ್ಕಮ್ಮ ನನ್ನ ಮುಂದೆ ಕನ್ನಡದಲ್ಲಿ "ಉಪ್ಪಿನಕಾಯಿ ಬೇಕೇ" ಎನ್ನುವುದು ಬಿಟ್ಟು ಬೇರೇನೂ ಮಾತಾಡಲಾಗದೆ ಒದ್ದಾಡುತ್ತಿದ್ದಳು. ಅಜ್ಜಿ ತಟ್ಟೆ ನೋಡುತ್ತ ಕೂತಿದ್ದಳು. ಅವಳ ಸ್ವಂತ ಮಗಳು ಎದುರಿಗಿದ್ದಳು, ಅವಳಿಗೆ ಹೇಳುವ ಮಾತು ಎಷ್ಟಿತ್ತೋ. ನಾನು ಎಡಗೈಯಿಂದ ಯಂತ್ರವನ್ನು ಬಿಡಿಸಿ ತಟ್ಟೆಯ ಪಕ್ಕ ಇಟ್ಟೆ. ಇಟ್ಟು ಅಜ್ಜಿಯ ಕಡೆ ನೋಡಿ ನಕ್ಕೆ, ಈಗ ಆಗಬಹುದು ಎಂಬಂತೆ. ಎಲ್ಲರ ಕೈಯೂ ತುತ್ತಿನಲ್ಲೇ ನಿಂತಿತು. ಅಜ್ಜಿ ಎದ್ದು ಕೈ ತೊಳೆಯದೆ ಹಿತ್ತಿಲಿಗೆ ಹೋದಳು. ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಮರುಕ್ಷಣ ನನ್ನನ್ನು ತಬ್ಬಿಕೊಂಡಳು, ಅವಳ ಎದೆ ಅದುರುವುದು ನನಗೆ ತಿಳಿಯುತ್ತಿತ್ತು. ಆಮೇಲೆ ಅಮ್ಮ, ಚಿಕ್ಕಮ್ಮ, ಅಪ್ಪ ಮೂವರೂ ಬಾಯಿ ದೊಡ್ಡದಾಗಿ ತೆರೆದು ಏನೇನೋ ಹೇಳಿಕೊಂಡರು. ಅದರಲ್ಲಿ ಒಂದೂ ನನಗೆ ಕೇಳಲಿಲ್ಲ. ಚಿಕ್ಕಮ್ಮ ಬಹಳ ವರ್ಷಗಳ ಮೇಲೆ ಅದನ್ನು ನನಗೆ ಹೇಳಿದಳು.

"ನಿನ್ನ ಅಮ್ಮ ಹೇಳಿದ್ದು, ಈ ಮಗು ನಮಗೋಸ್ಕರ ಕಿವುಡಾಗ್ಲಿಕ್ಕೆ ಕಲಿತದೆ ಅಂತ. ನಾವು ಇಷ್ಟೆಲ್ಲ ಮಾಡಿದ್ದು ಇದಕ್ಕಾ ಅಂತ."

ಆ ವರ್ಷದ ದೀಪಾವಳಿಯಲ್ಲಿ ಕಟ್ಟೆ ಒಡೆಯಿತು. ನಮ್ಮಲ್ಲಿ ಪಾಡ್ಯದ ಸಂಜೆ ಅಂಗಳದಲ್ಲಿ ದೀಪ ಹಚ್ಚಿ ಬಲೀಂದ್ರನನ್ನು ಕರೆಯುವ ಪದ್ಧತಿ ಉಂಟು. ತನ್ನ ನೆಲವನ್ನು ನೋಡಲು ವರ್ಷಕ್ಕೊಮ್ಮೆ ಬರುವ ಅರಸನನ್ನು ಮನೆಯ ಗಂಡಸು ತುಳುವಿನಲ್ಲಿ ಗಟ್ಟಿಯಾಗಿ ಕರೆಯಬೇಕು, ಉಳಿದವರು ‘ಕೂ’ ಎಂದು ದನಿಗೂಡಿಸಬೇಕು. ನನಗೆ ಅದನ್ನು ಕೇಳಿಸಬೇಕೆಂದು ಅಮ್ಮನಿಗೆ ಆಸೆ. ಸಂಜೆಯ ಹೊತ್ತಿನಲ್ಲಿ ಮೊದಲ ಸಲ ಯಂತ್ರ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದೇನೆ. ಆದರೆ ತುಳು ಕೇಳಿಸುವ ಹಾಗಿಲ್ಲ. ಅದಕ್ಕೆ ಅಮ್ಮ ಮತ್ತು ಅಪ್ಪ ಕೂತು ಒಂದು ಉಪಾಯ ಮಾಡಿದರು, ನಮ್ಮ ಮನೆಯವರಿಗಲ್ಲದೆ ಬೇರೆ ಯಾರಿಗೂ ಹೊಳೆಯದಂಥ ಉಪಾಯ. ಅಪ್ಪ ಒಣಗರಿಯ ಉರಿಯುವ ಸೂಟೆ ಹಿಡಿದು ಅಂಗಳದ ಮಧ್ಯ ನಿಂತು ಕನ್ನಡದಲ್ಲಿ ಕೂಗಿದರು.

"ಓ ಬಲೀಂದ್ರನೇ, ನಿನ್ನ ರಾಜ್ಯಕ್ಕೆ ದಯವಿಟ್ಟು ಬಾ!"

ಪಕ್ಕದ ಮನೆಯ ಅಂಗಳದಿಂದ ಒಬ್ಬರು ಕೇಳಿದರು:

"ಎಂತ ಮಾರಾಯ, ಬಲೀಂದ್ರನಿಗೆ ಕನ್ನಡ ಬರ್ತದಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ಪಾಪ, ಬೇರೆ ದಾರಿ ಇರಲಿಲ್ಲ. ನಾನು ಮಾತ್ರ ಮೇಡಂ ಹೇಳಿಕೊಟ್ಟ ಹಾಗೆ, ಕೇಳಿದ ವಾಕ್ಯವನ್ನು ಅಷ್ಟೂ ಸರಿಯಾಗಿ ತಿರುಗಿ ಹೇಳಿದೆ, "ದಯವಿಟ್ಟು ಬಾ" ಎನ್ನುವುದನ್ನೂ ಸೇರಿಸಿ. ಅಮ್ಮ ಸಂತೋಷದಿಂದ ಕೈ ತಟ್ಟಿದಳು. ಅಜ್ಜಿ ತಟ್ಟೆಯಲ್ಲಿದ್ದ ಹೂವು ಅವಲಕ್ಕಿಯನ್ನು ಮೆಟ್ಟಿಲ ಮೇಲೆ ಇಟ್ಟು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಎರಡು ಸೀರೆ, ಎಲೆಯಡಿಕೆಯ ಚೀಲ, ಮಂಡಿಗೆ ತಿಕ್ಕುವ ಎಣ್ಣೆ ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆಂದು ಕಾರ್ಕಳಕ್ಕೆ ಹೊರಟಳು. ಜಗಳ ಮಾಡಲಿಲ್ಲ. ನಾನಿಲ್ಲಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಮಗುವಿಗೆ ಮಾತು ಗಟ್ಟಿಯಾಗಲಿ, ಆಮೇಲೆ ಬರುತ್ತೇನೆ ಎಂದಳಂತೆ. ಅವಳ ತಾಯಿ ಅವಳಿಗೆ ಕೊಟ್ಟ ಮನೆ ಅದು. ಅದನ್ನು ಬಿಟ್ಟು ಅವಳು ಮಗಳ ಗಂಡನ ಮನೆಯ ಹಿಂಬದಿಯ ಕೋಣೆಯಲ್ಲಿ ಹೋಗಿ ಕೂತಳು. ಅಮ್ಮ ಗೇಟಿನವರೆಗೂ ಹೋಗಲಿಲ್ಲ, ಬಾಗಿಲಲ್ಲಿ ನಿಂತಿದ್ದಳು. ಆ ದಿನಗಳಲ್ಲಿ ಮನೆಯಲ್ಲಿ ನಡೆದದ್ದೆಲ್ಲ ನನ್ನ ಅಭ್ಯಾಸದ ಪಾಠವಾಗಬೇಕಿತ್ತು. ಇದೂ ಆಯಿತು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕೇಳುತ್ತಿದ್ದಳು.

"ಅಜ್ಜಿ ಎಲ್ಲಿಗೆ ಹೋದರು?"

"ಅಜ್ಜಿ ಕಾರ್ಕಳಕ್ಕೆ ಹೋದರು."

"ಯಾಕೆ ಹೋದರು?"

ಇದಕ್ಕೆ ಉತ್ತರವನ್ನು ಅವಳು ಹೇಳಿಕೊಡಲಿಲ್ಲ. ನಾನು ಪ್ರಶ್ನೆಯನ್ನೇ ತಿರುಗಿ ಹೇಳುತ್ತಿದ್ದೆ: ಯಾಕೆ ಹೋದರು. ‘ಹೋದರು’ ಶಬ್ದದ ‘ರು’ ನನಗೆ ಕಷ್ಟ. ಅದು ಸರಿಯಾಗುವವರೆಗೆ ಅಮ್ಮ ನನ್ನಿಂದ ಹೇಳಿಸಿದಳು, ಕೈಯ ಹಿಂದೆ ಅವಳ ಮುಖ ಒದ್ದೆಯಾಗಿರುವುದು ಕಾಣುತ್ತಿತ್ತು. ಬೆಳಗಿನ ಆರು ಸದ್ದುಗಳನ್ನು ಮತ್ತೆ ಅಮ್ಮನೇ ಮಾಡತೊಡಗಿದಳು. ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಸಂಜೆ ಡಬ್ಬಿಯ ಮುಚ್ಚಳ ಬಿದ್ದ ಮೇಲೂ ಅಪ್ಪ ಅಮ್ಮ ಅಷ್ಟು ಮಾತಾಡುತ್ತಿರಲಿಲ್ಲ.

ನನಗೆ ಮಾತು ಬಂತು. ಚೆನ್ನಾಗಿಯೇ ಬಂತು. ಬೇರೆ ಮಕ್ಕಳೊಂದಿಗೆ ಸಾಮಾನ್ಯ ಶಾಲೆಗೆ ಹೋದೆ, ಗದ್ದಲದಲ್ಲಿ ತಬ್ಬಿಬ್ಬಾದೆ, ಮುಂದಿನ ಬೆಂಚಿನಲ್ಲಿ ಕೂತೆ, ಕನ್ನಡದಲ್ಲಿ ತರಗತಿಗೇ ಮೊದಲಿಗಳಾದೆ. ಆಟದ ಬಯಲಿನಲ್ಲಿ ಮಕ್ಕಳು ತುಳುವಿನಲ್ಲಿ ಕೂಗಾಡಿಕೊಂಡರೆ ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ನಾನು ಮೂರನೆಯ ತರಗತಿಗೆ ಬಂದಾಗ ಅಜ್ಜಿ ತಿರುಗಿ ಬಂದಳು. ಬಸ್ಸಿಳಿದು, ಚಾವಡಿಯ ಮೆಟ್ಟಿಲ ಮೇಲೆ ಚೀಲ ಇಟ್ಟು, ನನ್ನ ಗಲ್ಲ ಹಿಡಿದು ಬಾಯಿ ತೆರೆದಳು.

"ಹೇಗಿದ್ದೀಯೋ ನನ್ನ ಕಂದಾ? ನಿನ್ನನ್ನು ನೋಡದೆ ಈ ಜೀವ ಎಷ್ಟು ನೊಂದಿದೆ ಗೊತ್ತೇನೋ?"

ಅಪ್ಪ ಕುರ್ಚಿಯಿಂದ ಬೀಳುವುದೊಂದು ಬಾಕಿ. ಕಾರ್ಕಳದ ಆ ಹಿಂಬದಿಯ ಕೋಣೆಯ ಪಕ್ಕ ಟಿವಿ ಇತ್ತು. ಅಷ್ಟು ವರ್ಷ ಅವಳು ಸಂಜೆಯಿಂದ ಊಟದವರೆಗೆ ಧಾರಾವಾಹಿ ನೋಡಿ, ಒಬ್ಬಳೇ ಗುಣುಗುಣು ಹೇಳಿಕೊಂಡು ಕನ್ನಡ ಕಲಿತಿದ್ದಳು. ಘಟ್ಟದ ಮೇಲಿನ ಅತ್ತೆ ಸೊಸೆಯರ ಕನ್ನಡ. ಹೆಣ್ಣುಮಗುವನ್ನು ಬಾರೋ ಹೋಗೋ ಎನ್ನುತ್ತಿದ್ದಳು. ಅಮ್ಮನ ಮೇಲೆ ಸಿಟ್ಟು ಬಂದರೆ "ನಿನ್ನ ಆಟ ನನ್ನ ಹತ್ರ ನಡೆಯಲ್ಲ" ಎಂದು ಸೆರಗು ಬೀಸುತ್ತಿದ್ದಳು. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಜಾಣೆಯಲ್ಲವೇ, ಅವಳ ವಾಕ್ಯ ತಿದ್ದಿದೆ. ಅವಳು ತಿದ್ದಿಸಿಕೊಂಡಳು. ಅರವತ್ತು ದಾಟಿದ ಹೆಂಗಸು ಮೊಮ್ಮಗಳೊಂದಿಗೆ ನಾಲ್ಕು ಮಾತಾಡುವುದಕ್ಕಾಗಿ ಒಂದು ಭಾಷೆಯನ್ನೇ ಕಲಿತು ಬಂದಿದ್ದಳು. ಆಮೇಲೆ ನಾವಿಬ್ಬರೂ ಬಹಳ ಮಾತಾಡಿದೆವು. ಆದರೆ ಅವಳು ನನಗೆ ಹೇಳುತ್ತಿದ್ದದ್ದಕ್ಕೂ ಹಿತ್ತಿಲಲ್ಲಿ ಬೆಕ್ಕಿಗೆ ಹೇಳುತ್ತಿದ್ದದ್ದಕ್ಕೂ ವ್ಯತ್ಯಾಸವಿದೆಯೆಂದು ನನಗೆ ಗೊತ್ತಿತ್ತು. ಬೆಕ್ಕಿನ ಜೊತೆ ಮಾತಾಡುವಾಗ ಅವಳು ಶಬ್ದಕ್ಕಾಗಿ ತಡಕಾಡುತ್ತಿರಲಿಲ್ಲ.

ಈಗ ನಾನು ಮಣಿಪಾಲದಲ್ಲಿ ಪುಸ್ತಕಗಳ ಪುಟವಿನ್ಯಾಸದ ಕೆಲಸ ಮಾಡುತ್ತೇನೆ. ಆಗಾಗ ನನ್ನನ್ನು ಕ್ಲಿನಿಕ್ಕಿಗೆ ಕರೆಯುತ್ತಾರೆ. ಮಗುವಿಗೆ ಇಂಪ್ಲಾಂಟ್ ಮಾಡಿಸಬೇಕೇ ಬೇಡವೇ ಎಂದು ಅಂಜುತ್ತ ಬರುವ ತಂದೆತಾಯಿಗೆ, ಅದನ್ನು ಹಾಕಿಕೊಂಡು ಬೆಳೆದವಳೊಬ್ಬಳನ್ನು ತೋರಿಸಲು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಇದು ಕಿವಿ ಗುಣಪಡಿಸುವುದಿಲ್ಲ, ಬೇರೊಂದು ದಾರಿ ಕೊಡುತ್ತದೆ. ಎಲ್ಲ ಮಕ್ಕಳಿಗೂ ಒಂದೇ ರೀತಿ ಫಲ ಸಿಗುವುದಿಲ್ಲ. ಬೇಗ ಮಾಡಿಸಿದಷ್ಟು ಒಳ್ಳೆಯದು, ಆಪರೇಷನ್ನಿಗಿಂತ ಆಮೇಲಿನ ವರ್ಷಗಳು ದೊಡ್ಡವು. ಈಚೆಗೆ ಪಡುಬಿದ್ರಿಯಿಂದ ಒಂದು ಜೋಡಿ ಬಂದಿತ್ತು, ತೊಡೆಯ ಮೇಲೆ ವರ್ಷ ತುಂಬಿದ ಹುಡುಗಿ. ಆ ತಾಯಿ ಅಲ್ಲಿದ್ದ ಹೊಸ ಥೆರಪಿಸ್ಟ್‌ಳನ್ನು ಕೇಳಿದಳು:

"ಮನೆಯಲ್ಲಿ ನಾವು ತುಳು. ಇನ್ನು ಕನ್ನಡ ಮಾತಾಡಬೇಕಾ ಮೇಡಂ?"

"ಛೆ, ಇಲ್ಲ. ನಿಮಗೆ ಯಾವುದು ಚೆನ್ನಾಗಿ ಬರ್ತದೆ ಅದೇ ಮಾತಾಡಿ. ಮನೆಯವರೆಲ್ಲ ಮಾತಾಡ್ಲಿ. ಶಾಲೆಯ ಭಾಷೆ ಆಮೇಲೆ ಸೇರಿಕೊಳ್ತದೆ, ಮಕ್ಕಳು ಎರಡೂ ಕಲಿತಾರೆ. ಮೊದಲು ಬೇರೆ ರೀತಿ ಹೇಳ್ತಿದ್ರು, ಈಗ ಹಾಗೆ ಹೇಳುವುದಿಲ್ಲ."

ಅವಳು ಸಹಜವಾಗಿ ಹೇಳಿ ಮುಂದಿನ ವಿಷಯಕ್ಕೆ ಹೋದಳು. ಆ ತಾಯಿ ಸಮಾಧಾನದ ಉಸಿರು ಬಿಟ್ಟು, ಮಗುವಿನ ಕಡೆ ಬಗ್ಗಿ ತುಳುವಿನಲ್ಲಿ ಏನೋ ಹೇಳಿ ಮುದ್ದಿಸಿದಳು. ಹಾಗಾದರೆ ಅಜ್ಜಿ ಬಾಯಿ ಮುಚ್ಚಬೇಕಾಗಿರಲಿಲ್ಲ. ಕಾರ್ಕಳಕ್ಕೆ ಹೋಗಬೇಕಾಗಿರಲಿಲ್ಲ. ಅಷ್ಟು ದೊಡ್ಡ ತ್ಯಾಗದಿಂದ ನನ್ನ ಕಿವಿ ಆಯಿತೆಂದು ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ಬದುಕಿದ್ದೆ. ಈಗ ಆ ತ್ಯಾಗವೇ ಬೇಡವಾಗಿತ್ತು ಎಂದರೆ ನಾನು ಯಾರ ಮುಂದೆ ತಲೆ ತಗ್ಗಿಸಬೇಕು? ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು, ತಿರುಗಲಿಲ್ಲ.

"ಆಗ ಹಾಗೆ ಹೇಳಿದ್ರು. ನಾವು ಹಾಗೆ ಮಾಡಿದೆವು. ನಿನಗೆ ಕೇಳಿತಲ್ಲ, ಸಾಕು."

ಮತ್ತೆ ಸ್ವಲ್ಪ ಹೊತ್ತಿಗೆ, ಆ ಪಾತ್ರೆಯ ಸದ್ದಿನ ನಡುವೆ, ಮೆಲ್ಲಗೆ "ನನ್ನ ಅಮ್ಮನ ಹತ್ತಿರ ಇದನ್ನು ಹೇಳಬೇಡ" ಎಂದಳು. ಹೇಳಿದರೂ ಅಜ್ಜಿಗೆ ತಿಳಿಯುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವಳಿಗೆ ಪಾರ್ಶ್ವವಾ­ಯು ಬಡಿದಿತ್ತು. ಕೈಕಾಲು ಸ್ವಲ್ಪ ಸರಿಯಾಯಿತು, ಮಾತೂ ಬಂತು, ಕನ್ನಡ ಮಾತ್ರ ಬರಲಿಲ್ಲ. ಕೊನೆಯಲ್ಲಿ ಕಲಿತದ್ದು ಮೊದಲು ಹೋಯಿತು. ಮಾತಾಡುವುದಷ್ಟೇ ಅಲ್ಲ, ಹೇಳಿದರೆ ತಿಳಿಯುವುದೂ ಹೋಯಿತು. ನನ್ನ ತುಳು ಬಸ್ಸಿನ ಕಂಡಕ್ಟರ್ ಕೇಳಿದರೆ ಉತ್ತರ ಕೊಡುವಷ್ಟು, ಅಂಗಡಿಯಲ್ಲಿ ಸಾಮಾನು ತರುವಷ್ಟು. ಅಜ್ಜಿಯ ಹಲ್ಲಿಲ್ಲದ ಬಾಯಿಂದ, ಅರ್ಧ ನುಂಗಿ ಬರುವ ತುಳು ನನಗೆ ಹತ್ತುವುದಿಲ್ಲ. ನಾನೀಗ ಕಲಿಯುತ್ತಿದ್ದೇನೆ. ಅಪ್ಪನೇ ಮೇಷ್ಟ್ರು. ಆದರೆ ಅವಳಿಗೆ ಸಮಯವಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಅವಳ ಮಂಚದ ಪಕ್ಕ ಕೂತು ಗಂಜಿ ಕುಡಿಸುತ್ತಿದ್ದೆ. ಅಮ್ಮ ಕಾಲ ಬಳಿ ಬಟ್ಟೆ ಮಡಚುತ್ತಿದ್ದಳು. ಅಜ್ಜಿ ಚಮಚವನ್ನು ಕೈಯಿಂದ ಸರಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಕಣ್ಣಿನಲ್ಲೇ ಕಾಣುತ್ತಿತ್ತು. ಪಿಸುದನಿಯಲ್ಲಿ ಕೇಳಿದಳು.

"ಬಾಲೆ ಜೆತ್ತ್ಂಡಾ? ಇತ್ತೆ ಪಾತೆರೊಲಿಯಾ?"

ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಕೈಯಲ್ಲಿದ್ದ ಸೀರೆಯನ್ನು ಮಡಚುವುದು ಬಿಟ್ಟು ಹಾಗೆಯೇ ಹಿಡಿದುಕೊಂಡಿದ್ದಳು.

"ಮಗು ಮಲಗಿತಾ ಅಂತ ಕೇಳ್ತಿದ್ದಾರೆ. ಈಗ ಮಾತಾಡಬಹುದಾ ಅಂತ."

ನನಗೆ ಬರುವ ನಾಲ್ಕು ತುಳು ಶಬ್ದಗಳಲ್ಲಿ ಹುಡುಕಿ ಒಂದನ್ನು ಹೇಳಿದೆ. "ಪಾತೆರ್ಲೆ ಅಜ್ಜಿ." ಮಾತಾಡಿ ಎಂದೆ. ಜೋರಾಗಿಯೇ ಹೇಳಿದೆನೋ ಏನೋ. ಅಜ್ಜಿ ಗಾಬರಿಯಾಗಿ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಮೆಲ್ಲ. ಬಾಲೆಗ್ ಕೇಣುಂಡು."

"ಮೆಲ್ಲ ಅಂತೆ," ಅಮ್ಮ ಹೇಳಿದಳು. "ಮಗುವಿಗೆ ಕೇಳ್ತದೆ ಅಂತೆ."

"ಕೇಳುತ್ತದೆ ಅಜ್ಜಿ," ಎಂದೆ ನಾನು, ಅವಳ ಅಂಗೈಯ ಹಿಂದಿನಿಂದ, ಕನ್ನಡದಲ್ಲಿ. "ಚೆನ್ನಾಗಿ ಕೇಳುತ್ತದೆ." ಅವಳಿಗೆ ಅದು ಅರ್ಥವಾಗಲಿಲ್ಲ.